ಬಕ್ರೀದ್ ಕುರಿ-ಆಡುಗಳ ಆರೈಕೆ: ಪಶುವೈದ್ಯರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಅಸ್ಸಲಾಮು ಅಲೈಕುಂ. ಹಬ್ಬ ಹತ್ತಿರ ಬಂದಿರುವುದರಿಂದ, ಕುರ್ಬಾನಿಗೆ (ಹಬ್ಬದ ಬಲಿಗೆ) ತಂದ ಪ್ರಾಣಿಗಳ ಆರೋಗ್ಯದ ಕುರಿತೂ ಅವುಗಳನ್ನು ನೋಡಿಕೊಳ್ಳುವ ವಿಷಯದಲ್ಲಿ ದೀನ್ (ಧರ್ಮ) ಹೇಳುವುದರ ಕುರಿತೂ ನಮ್ಮ ಬಳಗದ ಪಶುವೈದ್ಯರು ಇಂದು ಸಂಜೆ ಉತ್ತರಿಸಲಿದ್ದಾರೆ. ಫತ್ವಾ ಬೇಕಾದವರು ತಮ್ಮ ಮಸೀದಿಯ ಇಮಾಮರನ್ನು ಕೇಳಬೇಕು.

ದಾವಣಗೆರೆಯ ಸದಸ್ಯರು: ಆಡಿಗೆ ವರ್ಷ ತುಂಬಿದೆಯೆಂದು ತಿಳಿಯುವುದು ಹೇಗೆ, ಡಾಕ್ಟರ್ ಸಾಹೇಬರೇ?

ಪಶುವೈದ್ಯರು: ವಾಲೈಕುಂ ಅಸ್ಸಲಾಂ. ಕೆಳದವಡೆಯ ಮುಂದಿನ ಹಲ್ಲುಗಳನ್ನು ನೋಡಿರಿ. ನಡುವಿನ ಎರಡು ಹಾಲುಹಲ್ಲುಗಳು ಬಿದ್ದು ಅಗಲವಾದ ಹೊಸ ಹಲ್ಲುಗಳು ಬಂದಿದ್ದರೆ ವರ್ಷ ದಾಟಿದೆ ಎಂದು ತಿಳಿಯಬಹುದು.

ರಾಣೆಬೆನ್ನೂರಿನ ಸದಸ್ಯರು: ಸಂತೆಯಿಂದ ತಂದ ಟಗರಿಗೆ ಮನೆಯ ಮಕ್ಕಳು ಪ್ರೀತಿಯಿಂದ ಮೆಕ್ಕೆಜೋಳ, ಅನ್ನ ಎಲ್ಲವನ್ನೂ ತಿನ್ನಿಸಿದ್ದಾರೆ. ನಿನ್ನೆ ರಾತ್ರಿಯಿಂದ ಅದು ಮೆಲುಕು ಹಾಕುತ್ತಿಲ್ಲ, ಹಲ್ಲು ಕಡಿಯುತ್ತಿದೆ, ಎಡಹೊಟ್ಟೆ ದೊಡ್ಡದಾಗಿದೆ. ಒಂದು ಬಾಟಲಿ ಶೇಂಗಾ ಎಣ್ಣೆಗೆ ಸೋಡಾ ಬೆರೆಸಿ ಕುಡಿಸಿದರೆ ಸರಿಹೋಗುತ್ತದೆ ಎಂಬ ಫಾರ್ವರ್ಡ್ ಬಂದಿದೆ. ಕುಡಿಸಲೇ?

ಪಶುವೈದ್ಯರು: ಕುಡಿಸಬೇಡಿ. ತಲೆಯನ್ನು ಮೇಲೆತ್ತಿ ಹಿಡಿದು ಬಾಟಲಿಯಿಂದ ಎಣ್ಣೆ ಹೊಯ್ದಾಗ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗೆ ಸತ್ತ ಕುರಿಗಳನ್ನು ಪ್ರತಿ ಬಕ್ರೀದಿನಲ್ಲಿಯೂ ನೋಡುತ್ತೇನೆ. ನೀವು ವಿವರಿಸಿದ ಲಕ್ಷಣಗಳು ಕಾಳಿನ ಅಜೀರ್ಣದವು. ಬೆಟ್ಟದ ಹುಲ್ಲು, ಸೊಪ್ಪು ತಿಂದು ಬೆಳೆದ ಪ್ರಾಣಿಗೆ ಒಮ್ಮೆಲೇ ಕಾಳು, ಅನ್ನ ಸಿಕ್ಕಾಗ ಅದು ದೊಡ್ಡಹೊಟ್ಟೆಯಲ್ಲಿ ಬೇಗನೆ ಹುಳಿತು ಆಮ್ಲ ಹೆಚ್ಚುತ್ತದೆ. ಆ ಆಮ್ಲವು ಮೈಯ ನೀರನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದರಿಂದ ಪ್ರಾಣಿ ಒಳಗೊಳಗೇ ಬತ್ತಿಹೋಗಿ, ತೂರಾಡಿ, ಕೊನೆಗೆ ಮಲಗಿಬಿಡುತ್ತದೆ. ಎಡ ಪಕ್ಕೆಯ ಹಿಂದಿನ ಕುಳಿಯನ್ನು ಬೆರಳಿನಿಂದ ಒತ್ತಿ ನೋಡಿರಿ. ಒತ್ತಿದ ಗುರುತು ನಾದಿದ ಹಿಟ್ಟಿನಲ್ಲಿ ಉಳಿಯುವಂತೆ ಉಳಿದರೆ ಕಾಳು ತುಂಬಿದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾಳಿ ತುಂಬಿದೆ. ಎರಡಕ್ಕೂ ಚಿಕಿತ್ಸೆ ಬೇರೆ. ಈಗಲೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿರಿ ಅಥವಾ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿರಿ. ಅವರು ಬರುವವರೆಗೆ ಕಾಳು, ಅನ್ನ, ಬೆಲ್ಲ ಯಾವುದನ್ನೂ ಹಾಕದೆ ಒಣಹುಲ್ಲನ್ನು ಮಾತ್ರ ಮುಂದಿಟ್ಟು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಮಲಗಿದ ಪ್ರಾಣಿಯ ಬಾಯಿಗೆ ಏನನ್ನೂ ಹೊಯ್ಯಬೇಡಿ. ಹಿಕ್ಕೆ ಹೇಗಿದೆ, ಎದ್ದು ನಿಲ್ಲುತ್ತಿದೆಯೇ ಎಂಬುದನ್ನು ಇಲ್ಲಿಯೇ ಬರೆಯಿರಿ.

ಮದೀನಾದ ತೋಟವೊಂದರಲ್ಲಿ ಪ್ರವಾದಿ (ಸ) ಅವರನ್ನು ಕಂಡು ಕಣ್ಣೀರಿಟ್ಟ ಒಂಟೆಯ ಹದೀಸನ್ನು (ಪ್ರವಾದಿಯವರ ನಡೆನುಡಿಯ ವರದಿಯನ್ನು) ಅಬೂ ದಾವೂದರ ಸಂಗ್ರಹದಲ್ಲಿ ಓದಿರುತ್ತೀರಿ. ಒಡೆಯನು ಅದನ್ನು ಉಪವಾಸ ಕೆಡವಿ ವಿಪರೀತ ದುಡಿಸುತ್ತಿದ್ದುದಕ್ಕೆ ಪ್ರವಾದಿಯವರು ಅವನನ್ನು ಕರೆಸಿ ಎಚ್ಚರಿಸಿದರು. ತೂಕ ತೋರಿಸುವ ಆಸೆಗೆ, ಅಕ್ಕಪಕ್ಕದವರ ಮುಂದೆ ಹೆಚ್ಚುಗಾರಿಕೆಗೆ ಪ್ರಾಣಿಯ ಹೊಟ್ಟೆಗೆ ಕಾಳು ತುರುಕುವುದೂ ಆ ಎಚ್ಚರಿಕೆಯೊಳಗೇ ಬರುತ್ತದೆ ಎಂದು ನಾನು ನಂಬುತ್ತೇನೆ.

ಭಟ್ಕಳದ ಸದಸ್ಯರು: ಹಲ್ಲಿನ ಉತ್ತರಕ್ಕೆ ಒಂದು ಮಾತು. ಶಾಫಿ ಮದ್ಹಬಿನಲ್ಲಿ (ಧರ್ಮಶಾಸ್ತ್ರದ ಒಂದು ಪಂಥದಲ್ಲಿ) ಕುರ್ಬಾನಿಯ ಆಡಿಗೆ ಎರಡು ವರ್ಷ ತುಂಬಿರಬೇಕು. ಒಂದು ವರ್ಷವೆಂದು ಬರೆದರೆ ಕರಾವಳಿಯವರು ದಾರಿತಪ್ಪುತ್ತಾರೆ.

ದಾವಣಗೆರೆಯ ಸದಸ್ಯರು: ಹನಫಿ ಮದ್ಹಬಿನವರಿಗೆ ಒಂದು ವರ್ಷ ಸಾಕು. ಆರು ತಿಂಗಳ ಕುರಿಯೂ ವರ್ಷದ ಕುರಿಯಂತೆ ಮೈದುಂಬಿದ್ದರೆ ಆಗುತ್ತದೆ. ಬಯಲುಸೀಮೆಯವರಿಗೆ ಕರಾವಳಿಯವರು ಪಾಠ ಹೇಳಬೇಕಾಗಿಲ್ಲ.

ಭಟ್ಕಳದ ಸದಸ್ಯರು: ಪಾಠ ಹೇಳಿಲ್ಲ, ಭೇದವಿದೆ ಎಂದಷ್ಟೇ ಹೇಳಿದೆ. ತಾವು ಓದದೆಯೇ ಸಿಟ್ಟಾಗಿದ್ದೀರಿ.

ಹರಿಹರದ ಸದಸ್ಯರು: ಆಡಿಗೆ ವರ್ಷವಾಗಿದೆಯೆಂದು ಗುರುತಿಸುವುದು ಹೇಗೆ?

ಪಶುವೈದ್ಯರು: ಮೇಲೆ ಉತ್ತರವಿದೆ. ಮದ್ಹಬಿನ ಚರ್ಚೆಯನ್ನು ಇಬ್ಬರೂ ಬೇರೆಡೆ ಮುಂದುವರಿಸಿರಿ.

ಕೊಪ್ಪಳದ ಕುರಿಗಾರರು: ನಾನು ಮುಸ್ಲಿಮನಲ್ಲ, ಕುರಿ ಸಾಕಿ ಮಾರುವವನು. ಕೊಂಡವರು ನಾಲ್ಕೂ ಕಾಲು ಕಟ್ಟಿ, ಬೈಕಿನ ಹಿಂದೆ ತಲೆ ಕೆಳಗಾಗಿ ನೇತುಹಾಕಿಕೊಂಡು ಹೋಗುತ್ತಾರೆ. ನಮಗೆ ಸಂಕಟವಾಗುತ್ತದೆ. ನಿಮ್ಮ ಧರ್ಮದಲ್ಲಿ ಇದಕ್ಕೆ ಏನು ಹೇಳಿದ್ದಾರೆ?

ಪಶುವೈದ್ಯರು: ನಿಮ್ಮ ಸಂಕಟ ನ್ಯಾಯವಾದದ್ದು, ಯಜಮಾನರೇ, ಮತ್ತು ಇದನ್ನು ನೀವು ಕೇಳಬೇಕಾಗಿ ಬಂದದ್ದಕ್ಕೆ ನಮ್ಮವರು ನಾಚಿಕೊಳ್ಳಬೇಕು. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ನೆಲದ ಹುಳು ಹಿಡಿದು ತಿನ್ನಲೂ ಬಿಡದೆ ಕೊಂದ ಹೆಂಗಸು ನರಕಕ್ಕೆ ಹೋದಳೆಂದು ಹದೀಸಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಪಾಪ ಮನ್ನಾ ಆಯಿತೆಂದೂ ಇದೆ. ಪ್ರಾಣಿಯ ಮುಖಕ್ಕೆ ಬರೆ ಹಾಕುವುದನ್ನೂ, ಜೀವಂತ ಪ್ರಾಣಿಯನ್ನು ಕಟ್ಟಿ ಬಾಣದ ಗುರಿಯಾಗಿಸುವುದನ್ನೂ ಪ್ರವಾದಿಯವರು ನಿಷೇಧಿಸಿದರು. ಮೆಲುಕು ಹಾಕುವ ಪ್ರಾಣಿಯನ್ನು ತಲೆ ಕೆಳಗಾಗಿ ತೂಗಿಸಿದರೆ ಹೊಟ್ಟೆಯ ಭಾರ ಎದೆಯ ಮೇಲೆ ಬಿದ್ದು ಉಸಿರು ಕಟ್ಟುತ್ತದೆ. ಪ್ರಾಣಿಯನ್ನು ನಿಲ್ಲಿಸಿಕೊಂಡು ಒಯ್ಯುವ ವಾಹನವಿಲ್ಲದವರಿಗೆ ಮಾರಬೇಡಿ, ಅಷ್ಟು ಕೇಳುವ ಹಕ್ಕು ನಿಮಗಿದೆ.

ಹುಬ್ಬಳ್ಳಿಯ ಸದಸ್ಯರು: ಹಿಂದಿನ ರಾತ್ರಿಯಿಂದ ನೀರು ಕೊಡದಿದ್ದರೆ ಮಾಂಸ ಚೆನ್ನಾಗಿರುತ್ತದೆ ಎಂಬ ಸಂದೇಶ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದೆ. ಮನೆಯ ಅಡುಗೆಯ ಚಾಕು ಸಾಕಾಗುವುದೇ ಎಂದೂ ತಿಳಿಸಿರಿ.

ಪಶುವೈದ್ಯರು: ಅದು ಸುಳ್ಳು. ಕಾಳನ್ನು ಹಿಂದಿನ ರಾತ್ರಿ ನಿಲ್ಲಿಸಬಹುದು, ನೀರನ್ನು ಕೊನೆಯವರೆಗೂ ಕೊಡಲೇಬೇಕು. ಅಂಥ ಸಂದೇಶಗಳನ್ನು ಓದಿದ ಕೂಡಲೇ ಅಳಿಸಿರಿ, ಇಲ್ಲಿಗೆ ತರಬೇಡಿ.

ಅಡುಗೆಯ ಚಾಕು ಸಾಲದು. ಅಲ್ಲಾಹನು ಎಲ್ಲದರಲ್ಲಿಯೂ ಇಹ್ಸಾನನ್ನು (ಒಳ್ಳೆಯ ರೀತಿಯಲ್ಲಿ ಮಾಡುವುದನ್ನು) ವಿಧಿಸಿದ್ದಾನೆ, ಝಬಹ್ ಮಾಡುವವರು (ಕೊಯ್ಯುವವರು) ಅಲಗನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ಕೊಡಬೇಕು ಎಂಬುದು ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಪ್ರಾಣಿಯ ಕಣ್ಣೆದುರೇ ಅಲಗು ಮಸೆಯುತ್ತಿದ್ದವನಿಗೆ, ಇದನ್ನು ಎರಡು ಸಲ ಸಾಯಿಸುತ್ತೀಯಾ ಎಂದು ಪ್ರವಾದಿಯವರು ಕೇಳಿದರು. ಒಂದರ ಎದುರು ಇನ್ನೊಂದನ್ನು ಕೊಯ್ಯಬಾರದೆಂದು ನಮ್ಮ ದೇಶದ 2001ರ ಕಸಾಯಿಖಾನೆ ನಿಯಮಗಳೂ ಹೇಳುತ್ತವೆ. ಗಬ್ಬದ ಪ್ರಾಣಿಗೂ, ಮೂರು ತಿಂಗಳಿಗಿಂತ ಚಿಕ್ಕ ಮರಿಯಿರುವ ತಾಯಿಗೂ ಅವು ರಕ್ಷಣೆ ಕೊಟ್ಟಿವೆ. ಕೊಯ್ದ ಮೇಲೆ ಚರ್ಮ ಸುಲಿಯಲು ಅವಸರಪಡುವವರು ಕಣ್ಣುಗುಡ್ಡೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಲಿ. ರೆಪ್ಪೆ ಮಿಟುಕಿದರೆ ಪ್ರಾಣ ಇನ್ನೂ ಹೋಗಿಲ್ಲ, ಕೈ ಹಿಂತೆಗೆಯಬೇಕು.

ಧಾರವಾಡದ ಸದಸ್ಯರು: ಕೊಲ್ಲುವುದೇ ಕೊನೆಯಾದಾಗ ದಯೆಯ ಮಾತಿಗೆ ಏನು ಅರ್ಥ?

ಕಲಬುರಗಿಯ ಸದಸ್ಯರು: ಅಂಗಡಿಯಿಂದ ಮಾಂಸ ತಂದು ತಿನ್ನುವವರು ವರ್ಷವಿಡೀ ಸುಮ್ಮನಿದ್ದು ನಮ್ಮ ಹಬ್ಬಕ್ಕೇ ಈ ಪ್ರಶ್ನೆ ಎತ್ತುತ್ತಾರೆ.

ಧಾರವಾಡದ ಸದಸ್ಯರು: ನಾನು ಮಾಂಸ ತಿನ್ನುವುದಿಲ್ಲ. ನನ್ನ ಬಗ್ಗೆ ತಿಳಿಯದೆ ಮಾತನಾಡಬೇಡಿ.

ಕಲಬುರಗಿಯ ಸದಸ್ಯರು: ಹಾಗಾದರೆ ಈ ಬಳಗದಲ್ಲಿ ನಿಮಗೇನು ಕೆಲಸ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿರಿ. ಪ್ರಶ್ನೆ ಕೇಳಲು ಯಾರಿಗೂ ಇಲ್ಲಿ ಅಡ್ಡಿಯಿಲ್ಲ.

ಗದಗದ ಸದಸ್ಯರು: ನಮ್ಮ ಬೆಕ್ಕಿನ ಮರಿಯ ಕಣ್ಣಿಗೆ ಪಿಸುರು ಕಟ್ಟಿದೆ, ಯಾವ ಹನಿ ಹಾಕಬೇಕು?

ರಾಣೆಬೆನ್ನೂರಿನ ಸದಸ್ಯರು: ವೈದ್ಯರು ಬಂದು ಔಷಧಿ ಕೊಟ್ಟು ಹೋದರು. ಕಾಳು ತುಂಬಿತ್ತೆಂದೇ ಹೇಳಿದರು. ಟಗರು ಎದ್ದು ನಿಂತಿದೆ, ಆದರೆ ಮುಂಗಾಲುಗಳನ್ನು ಊರಲು ಹಿಂಜರಿಯುತ್ತಿದೆ, ಹಿಕ್ಕೆ ತೆಳ್ಳಗಾಗಿದೆ. ಸಾಯುವ ಮೊದಲೇ ಕೊಯ್ದುಬಿಡಿ, ಮಾಂಸವಾದರೂ ಉಳಿಯುತ್ತದೆ ಎಂದು ಮನೆಯ ಹಿರಿಯರು ಒತ್ತಾಯಿಸುತ್ತಿದ್ದಾರೆ.

ಹರಿಹರದ ಸದಸ್ಯರು: ಹಲ್ಲಿನ ವಿಷಯ ಇನ್ನೊಮ್ಮೆ ತಿಳಿಸುವಿರಾ?

ಪಶುವೈದ್ಯರು: ಇಲ್ಲ. ಮೇಲೆ ಓದಿರಿ.

ರಾಣೆಬೆನ್ನೂರಿನವರಿಗೆ: ಕೊಯ್ಯಬೇಡಿ. ಮದ್ದು ಪಡೆದ ಪ್ರಾಣಿಯ ಮಾಂಸವನ್ನು ಆ ಮದ್ದಿಗೆ ನಿಗದಿಯಾದ ದಿನಗಳು ಕಳೆಯುವವರೆಗೆ ತಿನ್ನಬಾರದು. ಎಷ್ಟು ದಿನವೆಂಬುದನ್ನು ಮದ್ದು ಕೊಟ್ಟ ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಕಾಳಿನ ಅಜೀರ್ಣದ ಬೆನ್ನಿಗೇ ಗೊರಸಿನೊಳಗೆ ಉರಿಯೂತ ಬರುವುದುಂಟು, ಕಾಲೂರಲು ನೋವಾಗುವುದು ಅದರಿಂದಲೇ ಇರಬಹುದು. ಎದ್ದು ಕಾಣುವ ಕುಂಟು, ರೋಗ, ಒಕ್ಕಣ್ಣು ಮತ್ತು ಎಲುಬು ಬತ್ತಿದ ಬಡಕಲುತನ ಈ ನಾಲ್ಕರಲ್ಲಿ ಒಂದಿದ್ದರೂ ಕುರ್ಬಾನಿಗೆ ಆಗದೆಂದು ಹದೀಸಿನಲ್ಲೇ ಇರುವುದರಿಂದ, ಈ ಟಗರನ್ನು ಈ ಹಬ್ಬಕ್ಕೆಂದು ಲೆಕ್ಕ ಹಾಕಬೇಡಿ. ಬದಲಿ ಪ್ರಾಣಿ ತರಬೇಕೇ ಎಂಬುದನ್ನು ಇಮಾಮರನ್ನು ಕೇಳಿರಿ. ಹಬ್ಬಕ್ಕೆ ಆಗಲಿಲ್ಲವೆಂದು ಅದರ ಆರೈಕೆಯ ಹೊಣೆ ನಿಮ್ಮಿಂದ ಕಳಚುವುದಿಲ್ಲ. ಹಿರಿಯರಿಗೆ ನನ್ನ ಹೆಸರು ಹೇಳಿ ತಿಳಿಸಿರಿ, ಬೇಕಾದರೆ ನಾನೇ ಫೋನಿನಲ್ಲಿ ಮಾತನಾಡುತ್ತೇನೆ. ಗಟ್ಟಿ ನೆಲದಿಂದ ತೆಗೆದು ಒಣಹುಲ್ಲು ಹಾಸಿದ ಜಾಗದಲ್ಲಿ ಕಟ್ಟಿರಿ. ಬೆಳಿಗ್ಗೆ ಮೆಲುಕು ಹಾಕಿತೇ ಎಂದು ನೋಡಿ, ಹಿಕ್ಕೆಯ ಫೋಟೊ ಮತ್ತು ಅದು ನಾಲ್ಕು ಹೆಜ್ಜೆ ನಡೆಯುವ ವಿಡಿಯೊ ಕಳುಹಿಸಿರಿ.