ಮಳೆಯಲ್ಲಿ ಡಿಕ್ಕಿ ತಪ್ಪಿದ್ದು ಕಾರಿನ ಗುಣದಿಂದಲೇ? ಹಳೆಯ ಕಾರು ಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ (ನಾಗವಾರದ ಸದಸ್ಯ):

ಹೊರ ವರ್ತುಲ ರಸ್ತೆಯಲ್ಲಿ ಹೆಬ್ಬಾಳದಿಂದ ನಾಗವಾರದ ಕಡೆಗೆ ಬರುವವರಿಗೆ ವೀರಣ್ಣಪಾಳ್ಯದ ಮೇಲ್ಸೇತುವೆ ಇಳಿಯುವ ಜಾಗದ ಪರಿಚಯವಿದ್ದೇ ಇರುತ್ತದೆ. ಕಳೆದ ವಾರ ಸಂಜೆ, ಜಿನುಗು ಮಳೆಯಲ್ಲಿ, ವಾಹನಗಳೆಲ್ಲ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತಿದ್ದಾಗ ಗೂಡ್ಸ್ ಆಟೊವೊಂದು ಎಡಗಡೆಯಿಂದ ನುಗ್ಗಿ, ಅಡ್ಡಲಾಗಿ ನನ್ನ ಪಥಕ್ಕೆ ಬಂದು, ಮುಂದೆ ಬಸ್ಸು ಕಂಡೊಡನೆ ಅಲ್ಲೇ ನಿಂತುಬಿಟ್ಟಿತು. ನಾನು ಬ್ರೇಕನ್ನು ಪೂರ್ತಿ ಒತ್ತಿದೆ. ಪೆಡಲ್ ಪಾದದಡಿ ಗರಗರನೆ ಅದುರತೊಡಗಿತು. ಕಾಲನ್ನು ಸಡಿಲಿಸದೆಯೇ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದಾಗ ಕಾರು ಸ್ವಲ್ಪವೂ ಜಾರದೆ ಆ ಕಡೆಗೆ ಸರಿದು, ಆಟೊದ ಹಿಂಬದಿಯ ಮೂಲೆಗೆ ಒಂದು ಗೇಣು ಅಂತರದಲ್ಲಿ ನಿಂತಿತು.

ಮನೆಯಲ್ಲಿ ಎಲ್ಲರೂ ನನ್ನ ಕೈಚಳಕವನ್ನು ಹೊಗಳುತ್ತಿದ್ದಾರೆ. ಆದರೆ ನನ್ನ ಹಿಂದಿನ ಕಾರಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರಲಿಲ್ಲ. ಅದೇ ಆಗಿದ್ದರೆ ನೇರವಾಗಿ ಹೋಗಿ ಆಟೊಗೆ ಗುದ್ದುತ್ತಿತ್ತೆಂದೇ ನನ್ನ ಅನಿಸಿಕೆ. ಇದನ್ನು ಈಗ ಕೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದಾನೆ. ಅದೇ ಬೆಲೆಗೆ ಹೆಚ್ಚು ಶಕ್ತಿಯ ಇಂಜಿನ್ ಇರುವ, ಸ್ವಲ್ಪ ಹಳೆಯ ಕಾರು ಸಿಗುತ್ತಿದೆ. ಚಿಕ್ಕ ಇಂಜಿನ್ ಇರುವ, ಈಚಿನ ಕಾರೂ ಸಿಗುತ್ತಿದೆ. ಬೆಂಗಳೂರಿನ ದಟ್ಟಣೆಯಲ್ಲಿ ಇಂಥ ಗಳಿಗೆಯಲ್ಲಿ ನಿಜವಾಗಿ ಕೈಹಿಡಿಯುವುದು ಯಾವುದು?

ಉತ್ತರ (ಪೀಣ್ಯದಲ್ಲಿ ವಾಹನ ಬಿಡಿಭಾಗಗಳ ಇಂಜಿನಿಯರ್):

ನಿಮ್ಮ ಪಾದದಡಿ ಅದುರಿದ್ದು ಎಬಿಎಸ್ ಕೆಲಸ ಮಾಡುತ್ತಿದ್ದ ಲಕ್ಷಣ. ಪ್ರತಿ ಚಕ್ರದ ಬಳಿಯಿರುವ ಸೆನ್ಸರ್, ಚಕ್ರ ಇನ್ನೇನು ತಿರುಗುವುದನ್ನು ನಿಲ್ಲಿಸಲಿದೆ ಎಂದು ತಿಳಿಸಿದ ಕೂಡಲೇ ವ್ಯವಸ್ಥೆಯು ಆ ಚಕ್ರದ ಬ್ರೇಕ್ ಒತ್ತಡವನ್ನು ಇಳಿಸಿ ಮತ್ತೆ ಏರಿಸುತ್ತದೆ. ಇದು ಸೆಕೆಂಡಿಗೆ ಹಲವು ಬಾರಿ ನಡೆಯುತ್ತದೆ. ಮುಂದಿನ ಚಕ್ರಗಳು ಪೂರ್ತಿ ಲಾಕ್ ಆದರೆ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಜಾರುತ್ತದೆ. ಹಾಗಾಗಿ ಹಳೆಯ ಕಾರಿನ ಬಗ್ಗೆ ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಪೆಡಲ್ ಅದುರಿದಾಗ ಗಾಬರಿಯಿಂದ ಕಾಲು ತೆಗೆಯುವವರೂ ಇದ್ದಾರೆ. ನೀವು ತೆಗೆಯಲಿಲ್ಲ, ಆ ಮಟ್ಟಿಗೆ ಮನೆಯವರ ಹೊಗಳಿಕೆಯೂ ಸಲ್ಲುತ್ತದೆ.

ಆದರೂ ಎಬಿಎಸ್ ಹೊಸ ಹಿಡಿತವನ್ನೇನೂ ಸೃಷ್ಟಿಸುವುದಿಲ್ಲ. ಟೈರಿನ ಹಿಡಿತ ತಿಂಗಳ ಸಂಬಳವಿದ್ದಂತೆ: ಬ್ರೇಕಿಗೆ ಎಷ್ಟು ಖರ್ಚಾಯಿತೋ ತಿರುವಿಗೆ ಅಷ್ಟು ಕಡಿಮೆ ಉಳಿಯುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಕಾರು 50 ಕಿ.ಮೀ. ವೇಗದಿಂದ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಕಣ್ಣು ಕಂಡು ಕಾಲು ಒತ್ತುವುದಕ್ಕೆ ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ ಇನ್ನೊಂದು 14 ಮೀಟರ್ ಕಳೆದಿರುತ್ತದೆ. ವೇಗ 60 ಆಗಿದ್ದರೆ ಇವೆರಡೂ ಸೇರಿ 28ರ ಬದಲು ಸುಮಾರು 37 ಮೀಟರ್ ಆಗುತ್ತವೆ. ಅಂದರೆ ಎರಡು ಸಣ್ಣ ಕಾರುಗಳ ಉದ್ದಕ್ಕಿಂತಲೂ ಹೆಚ್ಚಿನ ವ್ಯತ್ಯಾಸ. ಮಳೆಯಲ್ಲಿ, ಅದರಲ್ಲೂ ಸವೆದ ಟೈರಿನಲ್ಲಿ, ಇದು ಇನ್ನೂ ಹಿಗ್ಗುತ್ತದೆ. ಇಂಜಿನ್ ಶಕ್ತಿಗೆ ಈ ಲೆಕ್ಕದಲ್ಲಿ ಎಲ್ಲಿಯೂ ಜಾಗವಿಲ್ಲ.

ನಮ್ಮಲ್ಲಿ ಹೊಸ ಕಾರುಗಳೆಲ್ಲಕ್ಕೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಕಾರುಗಳಲ್ಲಿ, ಮುಖ್ಯವಾಗಿ ಅಗ್ಗದ ಮಾದರಿಗಳಲ್ಲಿ, ಅದು ಇಲ್ಲದಿರಬಹುದು. ಕಾರು ನೋಡಲು ಹೋದಾಗ ಇಗ್ನಿಷನ್ ಕೀ ತಿರುಗಿಸಿದೊಡನೆ ಎಬಿಎಸ್ ದೀಪ ಹೊತ್ತಿ, ಕೆಲವೇ ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ, ದೋಷವನ್ನು ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿರಬಹುದು. ಇದು ಇನ್ನೂ ಕೆಟ್ಟದ್ದು.

ಉತ್ತರ (ಏರ್‌ಪೋರ್ಟ್ ಟ್ಯಾಕ್ಸಿ ಚಾಲಕ):

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಎಡಕ್ಕೆ ತಿರುಗಿಸಿದ್ದನ್ನು ಇಲ್ಲಿ ಯಾರೂ ಪಾಠವೆಂದು ತೆಗೆದುಕೊಳ್ಳಬಾರದು. ಈ ಊರಿನಲ್ಲಿ ಕಾರಿನ ಎಡಗಡೆ ಖಾಲಿ ಇರುವುದೇ ಅಪರೂಪ. ಅಲ್ಲಿ ಸ್ಕೂಟರ್ ಇದ್ದೇ ಇರುತ್ತದೆ. ಆಟೊಗೆ ತಾಗಿದ್ದರೆ ಬಂಪರ್ ಹೋಗುತ್ತಿತ್ತು, ಸ್ಕೂಟರಿಗೆ ತಾಗಿದ್ದರೆ ಜೀವವೇ ಹೋಗುತ್ತಿತ್ತು. ಕಾರು ಎಷ್ಟು ಚುರುಕಾಗಿ ತಿರುಗುತ್ತದೆಯೋ, ಪಕ್ಕದವನಿಗೆ ಎಚ್ಚೆತ್ತುಕೊಳ್ಳಲು ಅಷ್ಟು ಕಡಿಮೆ ಸಮಯ ಸಿಗುತ್ತದೆ. ಕನ್ನಡಿಯಲ್ಲಿ ಆಗಲೇ ನೋಡಿ ಗೊತ್ತಿದ್ದರೆ ಮಾತ್ರ ತಿರುಗಿಸಬೇಕು. ಗೊತ್ತಿಲ್ಲದಿದ್ದರೆ ನೇರವಾಗಿಯೇ ಬ್ರೇಕ್ ಒತ್ತುವುದು ಉತ್ತಮ.

ಇನ್ನೊಂದು ಮಾತು ಹಿಂದಿನವರ ಕುರಿತು. ನಿಮ್ಮ ಕಾರು ನಿಂತಷ್ಟು ಬೇಗ ಹಿಂದಿನ ವಾಹನವೂ ನಿಲ್ಲಬೇಕಲ್ಲ. ದ್ವಿಚಕ್ರ ವಾಹನಗಳಲ್ಲಿ 2019ರಲ್ಲಿ ಎಬಿಎಸ್ ಕಡ್ಡಾಯವಾದದ್ದು 125 ಸಿಸಿಗಿಂತ ದೊಡ್ಡವುಗಳಿಗೆ. ನಮ್ಮ ಹಿಂದೆ ಬಾಲ ಹಿಡಿದು ಬರುವ ಸ್ಕೂಟರುಗಳಲ್ಲಿ ಬಹುತೇಕ ಆ ಮಿತಿಯ ಒಳಗಿನವು. ಹಾಗಾಗಿ ಹಿಂದೆ ಸ್ಕೂಟರ್ ಅಂಟಿಕೊಂಡಿದ್ದಾಗ ನಾನು ಮುಂದಿನ ಅಂತರವನ್ನು ಇನ್ನೂ ಹೆಚ್ಚಿಸುತ್ತೇನೆ. ಆ ಜಾಗಕ್ಕೆ ಯಾವುದಾದರೊಂದು ಆಟೊ ಬಂದು ತೂರುತ್ತದೆ, ಗೊತ್ತು. ಆಗ ಮತ್ತೆ ಸ್ವಲ್ಪ ಹಿಂದೆ ಉಳಿದುಕೊಳ್ಳುತ್ತೇನೆ.

ಉತ್ತರ (ಗೊರಗುಂಟೆಪಾಳ್ಯದ ಸದಸ್ಯ):

ಇಂಜಿನ್ ವಿಷಯವನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ತುಮಕೂರು ರಸ್ತೆಯಲ್ಲಿ ಲಾರಿಯೊಂದು ಪಕ್ಕದಿಂದ ಮೈಮೇಲೆ ಒರಗಿಕೊಂಡು ಬರುವಾಗ ಕೆಲವೊಮ್ಮೆ ಮುಂದಕ್ಕೆ ಹಾರುವುದೊಂದೇ ದಾರಿಯಾಗಿರುತ್ತದೆ. ಆಗ ಕ್ಲಚ್, ಗೇರುಗಳನ್ನು ತಾನೇ ನಿಭಾಯಿಸುವ ಎಎಂಟಿ ಗೇರ್‌ಬಾಕ್ಸ್ ಗೇರ್ ಬದಲಿಸಲು ಒಂದು ಕ್ಷಣ ಯೋಚಿಸುತ್ತಾ ಕುಳಿತರೆ ಎದೆ ಝಲ್ಲೆನ್ನುತ್ತದೆ. ದೊಡ್ಡ ಇಂಜಿನ್ ಬೇಡವೆಂದೇ ಇಟ್ಟುಕೊಳ್ಳೋಣ, ಆದರೆ ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ಖಂಡಿತ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು:

ಟ್ಯಾಕ್ಸಿ ಚಾಲಕರ ಮಾತಿಗೆ ಒಂದು ವಿವರಣೆ: ಆಟೊ ಎಡಬದಿಯನ್ನೇ ಸೀಳಿಕೊಂಡು ಬಂದಿದ್ದರಿಂದ ಅದರ ಹಿಂದಿನ ವಾಹನಗಳೆಲ್ಲ ಅಲ್ಲೇ ತಡೆದು ನಿಂತಿದ್ದವು. ಅದನ್ನು ಎಡಗನ್ನಡಿಯಲ್ಲಿ ನೋಡಿಯೇ ತಿರುಗಿಸಿದೆ. ಆದರೂ ನಿಮ್ಮ ಎಚ್ಚರಿಕೆಯನ್ನು ತಮ್ಮನಿಗೆ ಹಾಗೆಯೇ ಓದಿ ಹೇಳಿದ್ದೇನೆ.

ಈಚಿನ ಕಾರನ್ನೇ ನೋಡಿ ಬಂದೆವು. ಎಬಿಎಸ್ ದೀಪ ಹೊತ್ತಿ ಆರಿತು. ಟೈರಿನ ಬದಿಯಲ್ಲಿ ತಯಾರಿಕೆಯ ವಾರ ಮತ್ತು ವರ್ಷ ಸೂಚಿಸುವ ನಾಲ್ಕು ಅಂಕಿಗಳಲ್ಲಿ ‘2319’ ಎಂದಿದೆ; ಮುಂದಿನ ಎರಡು ಟೈರುಗಳಂತೂ ತೋಡುಗಳ ತಳದಲ್ಲಿರುವ ಸವೆತದ ಗುರುತಿನ ಮಟ್ಟಕ್ಕೆ ಬಂದಿವೆ. ಸದ್ಯಕ್ಕೆ ಎರಡನ್ನಷ್ಟೇ ಬದಲಿಸುವ ಶಕ್ತಿಯಿದೆ. ಮುಂದಿನ ಚಕ್ರಗಳಿಗೇ ಹಾಕಿಸೋಣವೆ?

ಉತ್ತರ (ಪೀಣ್ಯದಲ್ಲಿ ವಾಹನ ಬಿಡಿಭಾಗಗಳ ಇಂಜಿನಿಯರ್):

ಸವೆತದ ಗುರುತಿನ ಎತ್ತರ 1.6 ಮಿ.ಮೀ.; ಕಾನೂನಿನ ಕನಿಷ್ಠ ಮಿತಿಯೂ ಅಷ್ಟೇ. ಮಳೆಗಾಲಕ್ಕೆ ಆ ಟೈರುಗಳು ಯಾವ ಚಕ್ರಕ್ಕೂ ಬೇಡ. ಅವೆರಡನ್ನು ತೆಗೆದುಹಾಕಿ, ಈಗ ಹಿಂದಿರುವ ಟೈರುಗಳಲ್ಲಿ ಬಿರುಕುಗಳಿಲ್ಲದಿದ್ದರೆ ಅವನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದಕ್ಕೆ ಹಾಕಿಸಿ. ಇದು ಅನೇಕರಿಗೆ ವಿಚಿತ್ರವೆನಿಸುತ್ತದೆ, ಟೈರ್ ಅಂಗಡಿಯವರೂ ಒಮ್ಮೊಮ್ಮೆ ವಾದ ಮಾಡುತ್ತಾರೆ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ವೇಗ ಇಳಿದಂತೆ ಹಿಡಿತ ಮರಳುತ್ತದೆ. ಒದ್ದೆ ರಸ್ತೆಯಲ್ಲಿ ನೀವು ಮಾಡಿದಂತೆ ತಟ್ಟನೆ ತಿರುಗಿಸಿದಾಗ ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸರಿಪಡಿಸುವುದು ಸಾಮಾನ್ಯ ಚಾಲಕರಿಂದ ಆಗದ ಕೆಲಸ. ಆ ಕಾರಿನಲ್ಲಿ, ಕಾರು ಗಿರಕಿ ಹೊಡೆಯದಂತೆ ತಡೆಯುವ ವ್ಯವಸ್ಥೆಯಾದ ಇಎಸ್‌ಸಿ ಇದ್ದರೆ ಅದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸ್ವಲ್ಪ ಸಂಭಾಳಿಸುತ್ತದೆ, ಎಬಿಎಸ್ ಒಂದೇ ಇದ್ದರೆ ಆ ಆಸರೆ ಇರುವುದಿಲ್ಲ. ಅಂಗಡಿಗೆ ಹೋದಾಗ ಬ್ರೇಕ್ ಆಯಿಲನ್ನೂ ಬದಲಿಸಲು ಹೇಳಿ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ಹಿಂದಿನ ಮಾಲೀಕರು ಬದಲಿಸಿದ ದಾಖಲೆ ಸರ್ವೀಸ್ ಪುಸ್ತಕದಲ್ಲಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ.