ಮೇಷ್ಟ್ರನ್ನ ಕೇಳಿ: ಈ ಭಾನುವಾರ ಇಂಗ್ಲಿಷಿನ ‘ಟೂ’

(ಗುಂಪಿನ ನಿಯಮ: ಹೆಸರು ಬೇಡ, ಊರು ಸಾಕು.)

ಸರಸ್ವತಿಪುರಂ: ನಮಸ್ಕಾರ ಸರ್. ‘ವೆರಿ’, ‘ಟೂ’ ಎರಡೂ ಒಂದೇ ಅಲ್ವಾ?

ಮೇಷ್ಟ್ರು: ಅಲ್ಲಮ್ಮ. ಕಾಫಿ ‘ವೆರಿ ಹಾಟ್’ ಅಂದ್ರೆ ಊದಿಕೊಂಡು ಕುಡೀಬಹುದು. ‘ಟೂ ಹಾಟ್’ ಅಂದ್ರೆ ಲೋಟ ಕೆಳಗಿಡಿ, ನಾಲಿಗೆ ಸುಡುತ್ತೆ. ಅಳತೆ ಮೀರಿದಾಗ ‘ಟೂ’.

ಮಳವಳ್ಳಿ: ‘ವೆರಿ ಬದಲು ಟೂ ಹಾಕಿ, 7 ದಿನದಲ್ಲಿ ಇಂಗ್ಲಿಷ್ ಸ್ಟೈಲ್ ಆಗುತ್ತೆ’ ಅಂತ ಬಂದದೆ ಸಾ. ನಿಜವಾ?

ಮೇಷ್ಟ್ರು: ಸುಳ್ಳು. ಇಂಟರ್‌ವ್ಯೂನಲ್ಲಿ ‘ಮೈ ಫಾದರ್ ಈಸ್ ಟೂ ಆನೆಸ್ಟ್’ ಅಂದ್ರೆ, ಅಪ್ಪನ ಪ್ರಾಮಾಣಿಕತೆಯಿಂದ ಮನೆಗೆ ಕಷ್ಟ ಬಂತು ಅಂದ್ಕೋತಾರೆ. ಫಾರ್ವರ್ಡ್ ಇಲ್ಲಿ ತರಬೇಡಿ.

ಪಾಂಡವಪುರ: ಸಾ, ಅಪ್ಪಂಗೆ ಶುಗರ್, ಪಾದದಲ್ಲಿ ಗಾಯ. ಲಂಡನ್ನಲ್ಲಿ ನರ್ಸ್ ಆಗಿರೋ ಅತ್ತೆ ಮಗಳು ‘ಯು ಕಾಂಟ್ ಬಿ ಟೂ ಕೇರ್‌ಫುಲ್’ ಅಂತ ಮೆಸೇಜ್ ಹಾಕವ್ಳೆ. ಅತಿ ಹುಷಾರು ಬೇಡ ಅಂತ ತಾನೆ? ಅಪ್ಪ ಬರಿಗಾಲಲ್ಲೇ ಕಬ್ಬಿಗೆ ನೀರು ಕಟ್ಟಕ್ಕೆ ಹೋಯ್ತಾವ್ರೆ.

ಮೇಷ್ಟ್ರು: ಮೊದಲು ಅಪ್ಪನ್ನ ಗದ್ದೆಯಿಂದ ಕರೀರಿ. ಅರ್ಥ ಪೂರ್ತಿ ಉಲ್ಟಾ! ‘ಟೂ ಕೇರ್‌ಫುಲ್’ ಅಂದ್ರೆ ಬೇಕಾದ್ದಕ್ಕಿಂತ ಹೆಚ್ಚು ಹುಷಾರು. ಅದಕ್ಕೆ ‘ಕಾಂಟ್’ ಸೇರಿದ್ರೆ, ಇಲ್ಲಿ ಹುಷಾರು ಹೆಚ್ಚಾಯ್ತು ಅನ್ನೋ ಮಾತೇ ಇಲ್ಲ, ಎಷ್ಟಿದ್ರೂ ಕಮ್ಮಿನೇ ಅಂತ. ಅವರಿಗೆ ದಿನಾ ಆಡೋ ಮಾತು. ಪದ ಪದ ಬಿಡಿಸಿ ಓದೋ ನಮಗೆ ಎಡವಟ್ಟು. ಶುಗರ್ ಇದ್ದೋರಿಗೆ ಪಾದದ ಸ್ಪರ್ಶ ಕುಂದಿರಬಹುದು, ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ. ಗಾಯ ನೋಡೋದು ನನ್ನ ಕೆಲಸ ಅಲ್ಲ. ಇವತ್ತೇ ಡಾಕ್ಟ್ರಿಗೆ ತೋರಿಸಿ.

ಮದ್ದೂರು: ಅರಿಶಿನ ಸುಣ್ಣ ಮೆತ್ತಿ, ಮೂರೇ ದಿನ.

ಮೇಷ್ಟ್ರು: ಸುಣ್ಣ ಗೋಡೆಗೆ ಬಳೀರಿ. ಗಾಯಕ್ಕೆ ಬೇಡ.

ಚಾಮುಂಡಿಪುರಂ: ಕನ್ನಡದಲ್ಲಿ ‘ಟೂ’ಗೆ ಪದವೇ ಇಲ್ಲ, ಅದಕ್ಕೇ ಗೊಂದಲ.

ಮಳವಳ್ಳಿ: ‘ತೀರಾ’ ಇಲ್ವಾ? ‘ತೀರಾ ಆಡ್ತಾನೆ’ ಅಂತೀವಲ್ಲ?

ಚಾಮುಂಡಿಪುರಂ: ‘ತೀರಾ ಹತ್ತಿರದವರು’ ಅಂದ್ರೆ? ಅಲ್ಲೇನು ಅತಿಯಾಯ್ತು?

ಮಳವಳ್ಳಿ: ಮೈಸೂರಿನೋರಿಗೆ ನಮ್ಮ ಕನ್ನಡ ಕನ್ನಡವೇ ಅಲ್ಲ ಬುಡಿ.

ಚಾಮುಂಡಿಪುರಂ: ನಾನು ಹಾಗಂದೆನಾ?

ಮೇಷ್ಟ್ರು: ಸಾಕು. ಸಾರಿಗೆ ‘ಉಪ್ಪು ಜಾಸ್ತಿ ಆಯ್ತು’ ಅಂತೀವಲ್ಲ, ಆ ‘ಆಯ್ತು’ ಮಾಡೋ ಕೆಲಸನೇ ‘ಟೂ’ ಮಾಡೋದು.

ನಂಜನಗೂಡು: ಟ್ಯೂಷನ್ ತಗೋತೀರಾ ಸರ್? ಫೀಸ್ ಎಷ್ಟು?

ಹುಣಸೂರು: ‘ಟೂ ಮಚ್ ಪೀಪಲ್’ ಸರಿನಾ?

ಮೇಷ್ಟ್ರು: ‘ಟೂ ಮೆನಿ’. ಜನ ಎಣಿಕೆಗೆ ಸಿಗ್ತಾರೆ.

ಕುವೆಂಪುನಗರ: ಸರ್, ‘ವೆರಿ’ಗೂ ‘ಟೂ’ಗೂ ಏನು ವ್ಯತ್ಯಾಸ?

ಮೇಷ್ಟ್ರು: ಮೇಲೆ ಕಾಫಿ ಇದೆ, ನೋಡಿ.

ಕುವೆಂಪುನಗರ: ಕೇಳಿದ್ದಕ್ಕೆ ಇಷ್ಟು ಸಿಡುಕಾ?

ಮೇಷ್ಟ್ರು: ಪಾಂಡವಪುರದೋರೆ, ಡಾಕ್ಟ್ರ ಹತ್ರ ಹೋದ್ರಾ?

ಪಾಂಡವಪುರ: ಹೊರಟ್ವಿ ಸಾ. ಅಪ್ಪ ಚಪ್ಪಲಿ ಹುಡುಕ್ತಾವ್ರೆ.