ಕೂಗೋ ಕುಕ್ಕರ್‌ಗೆ ಹೆದರಬೇಡಿ ಅತ್ತಿಗೆ

ಹಾಂ ಅತ್ತಿಗೆ, ಬೆಳಿಗ್ಗೆ ಹಾಕಿದ್ರಲ್ಲ, "ಕುಕ್ಕರ್ ಕೂಗೋ ಹೊತ್ತಿಗೆ ಎದೆ ಡವಡವ ಅನ್ನತ್ತೆ, ಹಾಲ್‌ಗೆ ಓಡಿಬಿಡ್ತೀನಿ, ಯಾರಿಗೂ ಹೇಳ್ಬೇಡಿ" ಅಂತ. ಇಡೀ ಬಳಗ ಇರೋ ಗ್ರೂಪಲ್ಲಿ ಹಾಕಿ ಯಾರಿಗೂ ಹೇಳ್ಬೇಡಿ ಅಂದ್ರೆ ಹೇಗೆ ಹೇಳಿ! ಅದರ ಕೆಳಗೆ ದೊಡ್ಡಮ್ಮ "ನಂಗೂ ಅಷ್ಟೇ" ಅಂದ್ರು, ಚಿಕ್ಕಪ್ಪ "ತಣ್ಣಗಾದ ಮೇಲೂ ಮುಚ್ಚಳ ಬರಲ್ಲ, ಯಾಕೆ" ಅಂತ ಕೇಳಿದ್ದಾರೆ. ಎಲ್ಲಾ ಸೇರಿಸಿ ಹೇಳಿಬಿಡ್ತೀನಿ, ಉದ್ದ ಆಗತ್ತೆ, ಸೊಪ್ಪು ಬಿಡಿಸ್ತಾ ಕೇಳಿ.

ನೀವು ಹೆದರ್ತಿರೋದು ಉಲ್ಟಾ ಅತ್ತಿಗೆ. ಕೂಗೋ ಕುಕ್ಕರ್ ಸರಿಯಾಗಿದೆ ಅಂತಲೇ ಅರ್ಥ. ದೊಡ್ಡ ಉರಿ ಮೇಲಿಟ್ಟು ಹದಿನೈದು ನಿಮಿಷ ಆದ್ರೂ ಕೂಗದೆ, ಪಕ್ಕದಿಂದಲೂ ಆವಿ ಬಿಡದೆ ಸುಮ್ಮನೆ ಕೂತಿದೆ ನೋಡಿ, ಅದಕ್ಕೆ ಹೆದರಬೇಕು. ಆಗ ಮಾಡೋದು ಒಂದೇ, ಸ್ಟವ್ ಆರಿಸಿ ದೂರ ನಿಲ್ಲೋದು.

ಆ ಕೂಗು ಏನು ಅಂದ್ರೆ, ಮುಚ್ಚಳದ ನಡುವೆ ಒಂದು ಸಣ್ಣ ಕೊಳವೆ ಇದೆ, ಅದರ ಮೇಲೆ ವೆಯ್ಟ್ ಕೂತಿರತ್ತೆ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ದಾಟಿದ ತಕ್ಷಣ ಆವಿ ಆ ವೆಯ್ಟನ್ನ ಎತ್ತಿ ಹೊರಗೆ ಬರತ್ತೆ, ಒತ್ತಡ ಇಳೀತಲೇ ವೆಯ್ಟ್ ವಾಪಸ್ ಕೂರತ್ತೆ. ಅಷ್ಟು ಒತ್ತಡದಲ್ಲಿ ಒಳಗಿನ ನೀರು 120 ಡಿಗ್ರಿ ಹತ್ತಿರ ಇರತ್ತೆ. ಬೆಂಗಳೂರಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದ್ದುಬಿಡತ್ತೆ, ಊರು ಎತ್ತರದಲ್ಲಿದೆಯಲ್ಲ. ಬೇಳೆ ಬೇಗ ಬೇಯೋ ಗುಟ್ಟು ಆ ಇಪ್ಪತ್ತಮೂರು ಡಿಗ್ರಿಯಲ್ಲೇ ಇರೋದು.

ಈಗ ದೊಡ್ಡಮ್ಮ, ನೀವು "ವೆಯ್ಟ್ ಕಳೆದುಹೋಯ್ತು, ಹಳೇ ಕುಕ್ಕರಿಂದು ಹಾಕ್ಕೊಂಡಿದೀನಿ" ಅಂದ್ರಲ್ಲ, ಅದನ್ನ ಇವತ್ತೇ ತೆಗೀರಿ. ಲೆಕ್ಕ ಹೇಳ್ತೀನಿ. ಕೊಳವೆ ತೂತು 3 ಮಿಲಿಮೀಟರ್ ಅಗಲ ಇದ್ರೆ 1 ಕಿಲೋ ಒತ್ತಡಕ್ಕೆ ಹತ್ತತ್ರ 70 ಗ್ರಾಂ ವೆಯ್ಟ್ ಬೇಕು. ಅದೇ 70 ಗ್ರಾಮನ್ನ ಎರಡೂವರೆ ಮಿಲಿಮೀಟರ್ ತೂತಿನ ಮೇಲೆ ಕೂರಿಸಿದ್ರೆ ಒತ್ತಡ 1.4 ಕಿಲೋ ದಾಟಿದ ಮೇಲೇ ಅದು ಏಳೋದು. ಕಣ್ಣಿಗೆ ಎರಡೂ ತೂತು ಒಂದೇ ಥರ ಕಾಣತ್ತೆ. ಅದಕ್ಕೇ ವೆಯ್ಟ್ ಆ ಕಂಪನಿ, ಆ ಮಾಡೆಲ್‌ದೇ ಆಗಬೇಕು. ಇನ್ನು ಬೇಗ ಬೇಯಲಿ ಅಂತ ವೆಯ್ಟ್ ಮೇಲೆ ಏನಾದ್ರೂ ಹೇರೋ ಪುಣ್ಯಾತ್ಮರು ಯಾರಾದ್ರೂ ಇದ್ರೆ, ದಯವಿಟ್ಟು ಬೇಡ.

ಕೊಳವೆ ಕಟ್ಟಿಕೊಳ್ಳೋದಕ್ಕೆ ಮುಖ್ಯ ಕಾರಣ ತೊಗರಿಬೇಳೆ. ಕುದಿಯುವಾಗ ನೊರೆ ಉಕ್ಕಿ, ನೊರೆ ಜೊತೆ ಸಿಪ್ಪೆ ಮೇಲೇರಿ, ತೂತಲ್ಲಿ ಸಿಕ್ಕಿಕೊಂಡು ಒಣಗತ್ತೆ. ಅನ್ನ, ಬೇಳೆ, ಕಾಳು ಏನೇ ಆಗಲಿ ನೀರೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ಹೋಗಬಾರದು. ತರಕಾರಿ ಆದ್ರೆ ಮೂರರಲ್ಲಿ ಎರಡು ಭಾಗ ಪರವಾಗಿಲ್ಲ. ಬೇಳೆಗೆ ಒಂದು ಚಮಚ ಎಣ್ಣೆ ಬಿಡಿ, ನೊರೆ ತಗ್ಗತ್ತೆ. ಒಳಪಾತ್ರೆಯಲ್ಲಿಟ್ಟು ತಟ್ಟೆ ಮುಚ್ಚಿದ್ರೆ ಇನ್ನೂ ಒಳ್ಳೇದು, ಆದ್ರೆ ತಳದಲ್ಲಿ ಒಂದು ದೊಡ್ಡ ಲೋಟ ನೀರು ಇರಲೇಬೇಕು. ಪ್ರತಿ ಸಲ ಮುಚ್ಚೋಕೆ ಮುಂಚೆ ಮುಚ್ಚಳ ಎತ್ತಿ ಕೊಳವೆಯಲ್ಲಿ ಬೆಳಕು ಕಾಣತ್ತಾ ನೋಡಿ. ಕಾಣದಿದ್ರೆ ಸೂಜಿ ಹಾಕಿ ಚುಚ್ಚಿ, ನಲ್ಲಿ ಕೆಳಗೆ ಹಿಡೀರಿ.

ಇಷ್ಟಾದ್ರೂ ಕಟ್ಟಿಕೊಂಡ್ರೆ? ಅದಕ್ಕೇ ಸೇಫ್ಟಿ ವಾಲ್ವ್ ಇರೋದು. ಅದರ ನಡುವೆ ಸಣ್ಣ ಬೆಸುಗೆಯ ಚುಕ್ಕಿ ಇರತ್ತೆ, ಒಳಗೆ ಮಿತಿ ಮೀರಿ ಬಿಸಿಯಾದ್ರೆ ಅದು ಕರಗಿ ಆವಿಗೆ ದಾರಿ ಬಿಡತ್ತೆ. ನೀರೆಲ್ಲಾ ಇಂಗಿ ತಳ ಸೀದಾಗಲೂ ಇದೇ ಕರಗೋದು. ಕೆಲವು ಕುಕ್ಕರಲ್ಲಿ ಮುಚ್ಚಳದ ಅಂಚಲ್ಲಿ ಉದ್ದಕ್ಕೆ ಒಂದು ಸೀಳೂ ಇರತ್ತೆ, ಒತ್ತಡ ಜಾಸ್ತಿಯಾದ್ರೆ ಗ್ಯಾಸ್ಕೆಟ್ ಅಲ್ಲಿಂದ ಹೊರಗೆ ಉಬ್ಬಿ ಆವಿ ಬಿಡತ್ತೆ. ಮುಚ್ಚಳ ಒಡೆದಿದೆ ಅಂತ ಅದನ್ನ ಅಂಗಡಿಗೆ ವಾಪಸ್ ಒಯ್ಯೋರೂ ಇದ್ದಾರೆ! ವಾಲ್ವ್ ಹೋದ್ರೆ ಭಾರೀ ಸದ್ದಾಗತ್ತೆ, ಸಾರು ಸೂರಿಗೆ ಹಾರತ್ತೆ. ಉರಿ ಆರಿಸಿ, ಮುಟ್ಟಬೇಡಿ, ಪೂರ್ತಿ ತಣಿಯಲಿ. ಹೊಸ ವಾಲ್ವ್ ಹಾಕೋ ಮುಂಚೆ ಕೊಳವೆ ನೋಡಿ, ಇಲ್ಲಾಂದ್ರೆ ನಾಳೆ ಮತ್ತೆ ಅದೇ ಕಥೆ. ಎಂ-ಸೀಲ್ ಮೆತ್ತೋದು, ಸ್ಕ್ರೂ ತಿರುಗಿಸೋದು ಮಾತ್ರ ಖಂಡಿತ ಬೇಡ. ಅದು ಕುಕ್ಕರ್ ಅಲ್ಲ, ಬಾಂಬ್.

ಇನ್ನು "ಮೂರು ಕೂಗಿಗೆ ಇಳಿಸು" ಅನ್ನೋ ನಮ್ಮ ಲೆಕ್ಕ ಇದೆಯಲ್ಲ, ನಂಗೆ ಅದರ ಮೇಲೆ ನಂಬಿಕೆ ಕಡಿಮೆ. ದೊಡ್ಡ ಬರ್ನರಲ್ಲಿ ಐದು ನಿಮಿಷಕ್ಕೆ ಮೂರು ಕೂಗತ್ತೆ, ಸಣ್ಣದರಲ್ಲಿ ಹದಿನೈದು ನಿಮಿಷ ಆದ್ರೂ ಎರಡೇ. ಬೇಳೆಗೇನು ಕೂಗು ಕೇಳಿಸತ್ತಾ? ಮೊದಲನೇ ಕೂಗಿಗೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ನೆನೆಸಿದ ತೊಗರಿಬೇಳೆ ಒಳಪಾತ್ರೆಯಲ್ಲಿ ಹತ್ತು ನಿಮಿಷ, ರಾತ್ರಿ ನೆನೆಸಿದ ಕಾಬೂಲ್ ಕಡಲೆ ಹದಿನೈದರಿಂದ ಇಪ್ಪತ್ತು. ಎಷ್ಟು ಕೂಗಿಸಿದ್ರೂ ಬೇಳೆ ಗಟ್ಟಿಯಾಗೇ ಇದ್ರೆ ಬೋರ್‌ವೆಲ್ ನೀರಿನ ಸುಣ್ಣದಂಶ ಕಾರಣ, ಇಲ್ಲಾ ಹುಣಸೆಹುಳಿ ಮೊದಲೇ ಬಿದ್ದಿದೆ. ಹುಳಿ ಬಿದ್ದ ಬೇಳೆ ಕರಗೋಕೆ ಹಟ ಮಾಡತ್ತೆ. ಕುಡಿಯೋ ಫಿಲ್ಟರ್ ನೀರಲ್ಲಿ ಬೇಯಿಸಿ ನೋಡಿ, ವ್ಯತ್ಯಾಸ ಗೊತ್ತಾಗತ್ತೆ. ಅಲ್ಯೂಮಿನಿಯಂ ಕುಕ್ಕರಿನ ಒಳಗೆ ಕಪ್ಪಾಗೋದೂ ಅದೇ ನೀರಿಂದ. ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಹಾಕಿದ್ರೆ ಕಪ್ಪು ಹಿಡಿಯಲ್ಲ.

ಪಕ್ಕದಿಂದ ಆವಿ ಸೋರ್ತಿದ್ರೆ ಗ್ಯಾಸ್ಕೆಟ್ ಸಡಿಲ. ಫ್ರಿಜ್ಜಲ್ಲಿಡೋ ಉಪಾಯ ಎಲ್ಲರಿಗೂ ಗೊತ್ತು, ರಬ್ಬರ್ ಒಂಚೂರು ಕುಗ್ಗಿ ಅವತ್ತಿನ ಅನ್ನ ಆಗತ್ತೆ, ಅಷ್ಟೇ. ಬಗ್ಗಿಸಿದಾಗ ಸಣ್ಣ ಬಿರುಕು ಕಂಡ್ರೆ ಹೊಸದು ತನ್ನಿ.

ಚಿಕ್ಕಪ್ಪ, ನಿಮ್ಮದು. ಆವಿಯೆಲ್ಲಾ ತಣ್ಣಗಾಗಿ ನೀರಾದ್ರೆ ಒಳಗೆ ಗಾಳಿ ಖಾಲಿ, ಹೊರಗಿನ ಗಾಳಿ ಮುಚ್ಚಳವನ್ನ ಅದುಮಿ ಹಿಡಿಯತ್ತೆ. ಸುತ್ತಿಗೆ ಬೇಡ. ವೆಯ್ಟ್ ಮೆಲ್ಲಗೆ ಎತ್ತಿ, ಸುಸ್ ಅಂತ ಗಾಳಿ ಒಳಗೆ ಹೋಗತ್ತೆ, ಮುಚ್ಚಳ ತಾನೇ ಬರತ್ತೆ. ಆದ್ರೆ ಎತ್ತಿದಾಗ ಆವಿ ಹೊರಗೆ ಬಂದ್ರೆ ಅದು ಇನ್ನೂ ತಣಿದಿಲ್ಲ, ಕೈ ಬಿಟ್ಟುಬಿಡಿ. ಅವಸರ ಅಂತ ತಲೆ ಮೇಲೆ ತಣ್ಣೀರು ಸುರಿದ್ರೆ ಒಳಗಿನ ಬೇಳೆ ಒಮ್ಮೆಲೇ ಉಕ್ಕಿ ಕೊಳವೆಗೆ ನುಗ್ಗತ್ತೆ, ಆಮೇಲೆ ಸೂಜಿ ಹುಡುಕ್ಬೇಕು.

ಅತ್ತಿಗೆ, ನಿಮ್ಮ ಕುಕ್ಕರ್ ತಳದಲ್ಲಿರೋ ಹೆಸರು, ಲೀಟರ್ ಎರಡೂ ಕಾಣೋ ಹಾಗೆ ಒಂದು ಫೋಟೋ ಹಾಕಿ. ಯಾವ ಗ್ಯಾಸ್ಕೆಟ್ಟು, ಯಾವ ವಾಲ್ವು ಅಂತ ಹೇಳ್ತೀನಿ. ಅಂಗಡಿಗೆ ಹೋಗುವಾಗ ಹಳೇದನ್ನೂ ಕೈಯಲ್ಲಿ ಹಿಡ್ಕೊಂಡು ಹೋಗಿ, "ಐದು ಲೀಟರ್‌ದು ಕೊಡಿ" ಅಂತ ಬರೀ ಬಾಯಲ್ಲಿ ಹೇಳಿದ್ರೆ ಬೇರೆ ಯಾವ್ದೋ ಕೊಟ್ಟು ಕಳಿಸ್ತಾರೆ.